ತಿದ್ದದೆ ಬಿಟ್ಟ ಅಕ್ಷರ

ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಅವಳು ಅಪ್ಪನ ಹೆಬ್ಬೆರಳನ್ನು ಮೂರನೆಯ ಸಲ ಉಜ್ಜುತ್ತಿದ್ದಳು. ಉಗುರಿನ ಸಂದಿಯ ಮಸಿ ಜಪ್ಪಯ್ಯ ಅಂದರೂ ಹೋಗಲಿಲ್ಲ.

“ಬಿಡೇ, ಹೋಗಲ್ಲ ಅದು,” ಎಂದಳು ಸೋದರತ್ತೆ. “ಮದುವೆ ದಿನಾನೇ ಹೋಗಿರ್ಲಿಲ್ಲ. ನಿಮ್ಮಮ್ಮ ಕೈ ನೋಡಿ, ಇವರೇನು ಮೆಕ್ಯಾನಿಕ್ಕಾ ಅಂತ ನನ್ನ ಕೇಳಿದ್ಲು.”

ಕೆಳಗೆ ಬೀದಿಯಲ್ಲಿ ಸ್ಕೂಟರೊಂದು ನಿಂತ ಸದ್ದಾಯಿತು. ಅವಳ ಕೈಯೂ ನಿಂತಿತು. ಕಿಟಕಿಯಿಂದ ಬಗ್ಗಿ ನೋಡಿದಳು: ಕಾಗದದಂಗಡಿಯ ಯಜಮಾನರು. ಅವರ ಹಿಂದೆಯೇ ಕೋಲೂರಿಕೊಂಡು ಕಟ್ಟಡದ ಒಡತಿ. ಇಬ್ಬರೂ ಮೆಟ್ಟಿಲ ಬುಡದಲ್ಲಿ, ಅಪ್ಪನ ಪ್ರೆಸ್ಸಿನ ಮುಚ್ಚಿದ ಬಾಗಿಲ ಮುಂದೆ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂರನೆಯವನಾಗಿ ಫೈನಾನ್ಸಿನವನು ಬಂದ. ಕಂಕುಳಲ್ಲಿ ಚರ್ಮದ ಚೀಲ. ಸಾವಿನ ಮನೆಗೆ ಚೀಲ ತರುವವನು ಏನು ತಂದಿರುತ್ತಾನೆ?

ಗಂಡನೂ ನೋಡಿದ್ದ. ಹತ್ತಿರ ಬಂದು ಪಿಸುಗುಟ್ಟಿದ: “ಏನು ಕೇಳಿದ್ರೂ ನೀನು ಬಾಯಿ ಬಿಡಬೇಡ. ಸಾಲ ಮಾವಂದು. ಮಾವನ ಜೊತೆಗೇ ಹೋಯ್ತು.”

ಅವನು ಕೆಟ್ಟವನಲ್ಲ. ಎರಡು ಕಡೆ ದುಡಿದು, ಇಬ್ಬರು ಮಕ್ಕಳ ಶಾಲೆಯ ಫೀಸು ಕಟ್ಟಿ, ತಿಂಗಳ ಕೊನೆಯ ವಾರ ಬಸ್ಸು ಬಿಟ್ಟು ನಡೆದೇ ಬರುವವನು. ಅವಳು ಆಸ್ಪತ್ರೆಯ ಕೌಂಟರಿನಲ್ಲಿ ಚೀಟಿ ಬರೆಯುತ್ತಾಳೆ. ಎರಡು ಸಂಬಳ ಸೇರಿಸಿ ಹಾಸಿದರೂ ಮೊಣಕಾಲು ಮಡಚಿಯೇ ಮಲಗಬೇಕು.

ಮೂವರೂ ಮೇಲೆ ಬಂದು, ಸ್ವಲ್ಪ ಹೊತ್ತು ತಲೆ ಬಗ್ಗಿಸಿ ನಿಂತು, ಗೋಡೆಗೆ ಸರಿದರು. ಬಂದವರ ಬಾಯಲ್ಲೆಲ್ಲ ಅಪ್ಪನ ಅಡ್ಡಹೆಸರೇ ಓಡಾಡುತ್ತಿತ್ತು: ಕಾಗುಣಿತ. ಮದುವೆ ಕಾರ್ಡಿನಲ್ಲಿ ವರನ ಹೆಸರಿಗೆ ದೀರ್ಘ ಬೇಕೆಂದು ವರನ ಅಪ್ಪನ ಜೊತೆಗೇ ಜಗಳಾಡಿ ಗಿರಾಕಿ ಕಳೆದುಕೊಂಡದ್ದು. ಕ್ಷೌರದಂಗಡಿಯ ಬೋರ್ಡಿಗೆ ಏಣಿ ಹಾಕಿ, ಯಾರೂ ಕೇಳದೆ, ಒತ್ತಕ್ಷರ ಬರೆದು ಬಂದದ್ದು. ಅಪ್ಪನ ಜೊತೆ ಮೂವತ್ತು ವರ್ಷ ಮಶೀನು ನಡೆಸಿದ ಮುದುಕರೊಬ್ಬರು ಮೊನ್ನೆಯದನ್ನು ಹೇಳಿದರು. ಆಸ್ಪತ್ರೆಯ ಒಪ್ಪಿಗೆ ಪತ್ರದಲ್ಲಿ ‘ಶಾಸ್ತ್ರಚಿಕಿತ್ಸೆ’ ಎಂದಿತ್ತಂತೆ. ಮೂಗಿನಲ್ಲಿ ನಳಿಕೆ ಇಟ್ಟುಕೊಂಡೇ ನರ್ಸನ್ನು ಕರೆದು, “ಏನಮ್ಮಾ, ಶಾಸ್ತ್ರಕ್ಕೆ ಕೊಯ್ತೀರಾ?” ಎಂದಿದ್ದರಂತೆ. ತಿದ್ದಿದ ಮೇಲೇ ಸಹಿ.

ಸುತ್ತ ಸಣ್ಣ ನಗು ಎದ್ದಿತು. ಅವಳಿಗೆ ನಗು ಬರಲಿಲ್ಲ. ಅಂಥ ಮನುಷ್ಯ ತಿದ್ದದೆ ಬಿಟ್ಟ ತಪ್ಪೊಂದು ಅವಳೊಬ್ಬಳಿಗೇ ಗೊತ್ತಿತ್ತು. ಅದು ಆ ಚರ್ಮದ ಚೀಲದಲ್ಲಿರಬಹುದು.

*

ಒಂದೂವರೆ ವರ್ಷದ ಹಿಂದೆ ವಕೀಲರು ಅಪ್ಪನಿಗೆ ಸುಲಭದ ದಾರಿ ಹೇಳಿದ್ದರು: ದಿವಾಳಿ ಎಂದು ಕೋರ್ಟಿಗೆ ಅರ್ಜಿ ಹಾಕಿ, ಇರುವುದನ್ನು ಒಪ್ಪಿಸಿ, ಕೈ ತೊಳೆದುಕೊಳ್ಳಿ. ಅಪ್ಪ ಎದ್ದು ಬಂದರು. ಮಾರನೆಯ ಬೆಳಿಗ್ಗೆ ಸಾಲ ಕೊಟ್ಟ ಮೂವರನ್ನೂ ಪ್ರೆಸ್ಸಿಗೆ ಕರೆಸಿ, ಕಾಗದದ ಕಟ್ಟುಗಳ ಮೇಲೆ ಕೂರಿಸಿ, ಲೆಕ್ಕದ ಪುಸ್ತಕವನ್ನು ಅವರ ತೊಡೆಯ ಮೇಲೇ ಇಟ್ಟರು.

“ಕೋರ್ಟಿಗೆ ಹೋದ್ರೆ ಮಶೀನು ಹರಾಜಾಗುತ್ತೆ,” ಎಂದರು, ಫೈನಾನ್ಸಿನವನತ್ತ ಕೈ ತೋರಿಸಿ. “ಅದನ್ನ ಅಡ ಇಟ್ಕೊಂಡಿರೋ ಇವರಿಗೆ ಅಷ್ಟೋ ಇಷ್ಟೋ ಸಿಗುತ್ತೆ, ನಿಮ್ಮಿಬ್ಬರಿಗೆ ಚಿಪ್ಪು. ಮಶೀನು ಓಡ್ತಿದ್ರೆ ಮೂವರಿಗೂ ಪೂರ್ತಿ ಬರುತ್ತೆ. ತಡ ಆಗುತ್ತೆ, ಅಷ್ಟೇ.”

ಹಗ್ಗಜಗ್ಗಾಟ ಮಧ್ಯಾಹ್ನದವರೆಗೆ ನಡೆಯಿತು. ಕಾಗದದಂಗಡಿಯವರು ಬಡ್ಡಿ ಬಿಟ್ಟರು. ಒಡತಿ ಹಳೆಯ ಬಾಡಿಗೆ ಬಾಕಿಗೆ ಕಾಯಲು ಒಪ್ಪಿದರು. ಫೈನಾನ್ಸಿನವನು ಹಲ್ಲು ಕಚ್ಚಿಕೊಂಡೇ ಕಂತನ್ನು ಅರ್ಧಕ್ಕಿಳಿಸಿದ. ಮೂರು ವರ್ಷದ ಗಡುವು. ಅಲ್ಲಿಯವರೆಗೆ ಯಾರೂ ಉಳಿದವರನ್ನು ಬಿಟ್ಟು ತಾನೊಬ್ಬನೇ ಮಶೀನಿಗೆ ಕೈ ಹಾಕುವಂತಿಲ್ಲ. ಅಪ್ಪ ಹೇಳುತ್ತ ಹೋದರು, ರಜೆ ಹಾಕಿ ಬಂದಿದ್ದ ಅವಳು ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುತ್ತ ಹೋದಳು. ಕೊನೆಯ ಸಾಲು: ‘ನಾನಿರುವ ತನಕ ಈ ಕರಾರು ತಪ್ಪುವುದಿಲ್ಲ.’

ಅವಳ ಬೆರಳು ಜಾರಿತ್ತು. ‘ನಿ’ ಬೀಳಬೇಕಾದಲ್ಲಿ ‘ವಿ’ ಬಿದ್ದಿತ್ತು: ನಾವಿರುವ ತನಕ. ಅಪ್ಪ ಕೆಂಪು ಪೆನ್ನು ಹಿಡಿದು ಕರಡನ್ನು ಎರಡು ಸಲ ಓದಿದರು. ಎಲ್ಲೋ ಒಂದು ಅಲ್ಪವಿರಾಮ ತಿದ್ದಿದರು. ಕೊನೆಯ ಸಾಲಿನ ಮೇಲೆ ಪೆನ್ನು ಕೊಂಚ ಹೊತ್ತು ನಿಂತು ಮುಂದೆ ಹೋಯಿತು. ಎಲ್ಲರ ಸಹಿಯಾಗಿ, ಸಾಕ್ಷಿಯೆಂದು ಅವಳೂ ಸಹಿ ಹಾಕುವಾಗ ಆ ಅಕ್ಷರ ಕಣ್ಣಿಗೆ ಬಿತ್ತು. ಅಪ್ಪನ ಕಣ್ಣು ಹೋಗುತ್ತಿದೆಯೆಂದು ಹೆದರಿ ಸುಮ್ಮನಾದಳು. ಆಮೇಲೆ ಬೇರೆಯೇ ಹೆದರಿಕೆ ಹತ್ತಿಕೊಂಡಿತು: ನಾವು ಎಂದರೆ ಯಾರು?

*

ಹೆಣ ಒಯ್ಯುವ ಗಾಡಿ ಬಂದು ನಿಂತಿತು. ಆಗಲೇ ಫೈನಾನ್ಸಿನವನು ಗಂಟಲು ಸರಿಮಾಡಿಕೊಂಡ. ಇಂಥ ಹೊತ್ತಿನಲ್ಲಿ ಆಡುವ ಮಾತಲ್ಲ, ಆದರೂ ಎಲ್ಲರೂ ಇರುವಾಗಲೇ ಆಗಿಬಿಡಲಿ ಎಂದು ಪೀಠಿಕೆ ಹಾಕಿ, ಚೀಲದಿಂದ ಕರಾರು ತೆಗೆದು ಕೊನೆಯ ಸಾಲು ಗಟ್ಟಿಯಾಗಿ ಓದಿದ.

“ನಾನಿರುವ ತನಕ ಈ ಕರಾರು ತಪ್ಪುವುದಿಲ್ಲ. ಅವರೇ ಬರೆಸಿದ್ದು. ಈಗ ಅವರಿಲ್ಲ, ಕರಾರೂ ಇಲ್ಲ. ನಾಳೆ ಮಶೀನು ತಗೊಂಡು ಹೋಗ್ತೀನಿ. ಮನೆಯವರಿಗೇನೂ ತೊಂದ್ರೆ ಇಲ್ಲ.”

ಗಂಡ ಉಸಿರು ಬಿಟ್ಟದ್ದು ಅವಳಿಗೆ ಕೇಳಿಸಿತು. ಅವಳೂ ಬಿಟ್ಟಳು. ಎಲ್ಲರ ಕಣ್ಣಿನಂತೆ ಇವನ ಕಣ್ಣೂ ಇರಬೇಕಾದ್ದನ್ನು ಓದಿತ್ತು, ಇರುವುದನ್ನಲ್ಲ. ಸುಮ್ಮನಿದ್ದರೆ ಸಾಕು. ಹದಿನೆಂಟು ತಿಂಗಳ ಕಂತು ತಲೆಯ ಮೇಲಿಂದ ಇಳಿದಂತೆ.

ಕಾಗದದಂಗಡಿಯವರು ನೆಲಕ್ಕೆ ಕುಸಿದು ಕೂತರು. “ಇದನ್ನ ನಂಬ್ಕೊಂಡು ನಾನು ಮಿಲ್ಲಿನವರಿಗೆ ಮಾತು ಕೊಟ್ಟಿದ್ದೀನಲ್ಲಪ್ಪಾ,” ಎಂದರು, ಯಾರಿಗೆಂದಿಲ್ಲದೆ. ಮಶೀನಿನ ಮುದುಕರು ತಮ್ಮ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದರು.

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟಳು.

“ನೀವು ಓದಿದ್ದು ತಪ್ಪು,” ಎಂದಳು. “ಒಂದೊಂದೇ ಅಕ್ಷರ ಓದಿ.”

“ಏಯ್,” ಎಂದ ಗಂಡ, ಮೆಲ್ಲಗೆ.

ಫೈನಾನ್ಸಿನವನು ಕಾಗದವನ್ನು ಬೆಳಕಿಗೆ ಹಿಡಿದ. ಒಡತಿ ಕನ್ನಡಕ ಏರಿಸಿಕೊಂಡು ಬಗ್ಗಿದರು. “ವಿ ಅಂತಿದೆ,” ಎಂದರು. “ನಾ-ವಿ-ರು-ವ.”

“ಅಚ್ಚಿನ ತಪ್ಪು ಅದು,” ಎಂದ ಫೈನಾನ್ಸಿನವನು.

“ಕಾಗುಣಿತದವರ ಪ್ರೆಸ್ಸಲ್ಲಿ ಅಚ್ಚಿನ ತಪ್ಪಾ?” ಎಂದರು ಮಶೀನಿನ ಮುದುಕರು.

ಫೈನಾನ್ಸಿನವನು ಅವಳತ್ತ ತಿರುಗಿದ. “ನಾವು ಅಂದ್ರೆ ಯಾರು, ಮೇಡಂ?”

“ನಾನಿದ್ದೀನಲ್ಲ,” ಎಂದಳು. “ನಂದೂ ಸಹಿ ಇದೆ. ಪ್ರೆಸ್ ನಡೆಯುತ್ತೆ.”

ಅವನು ಅವಳ ಸಹಿಯನ್ನು ಹುಡುಕಿ, ಅದರ ಮೇಲೆ ಬೆರಳಿಟ್ಟು, ಬಹಳ ಹೊತ್ತು ನೋಡಿದ. ಕಾಗದ ಮಡಚಿ ಚೀಲದೊಳಗಿಟ್ಟ. “ಕಂತು ಐದನೇ ತಾರೀಖು,” ಎಂದ. ಗಂಡ ಅವಳನ್ನು ನೋಡುತ್ತಿದ್ದ, ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತ ಅಪರಿಚಿತಳನ್ನು ನೋಡುವ ಹಾಗೆ.

ಕೆಳಗಿನಿಂದ ಗಾಡಿಯವನು ಕೂಗಿದ. ಸ್ಟ್ರೆಚರಿಗೆ ನಾಲ್ಕು ಹಿಡಿ. ತಲೆಯ ಕಡೆ ಗಂಡ ಮತ್ತು ಕಾಗದದಂಗಡಿಯವರು, ಕಾಲ ಕಡೆ ಮಶೀನಿನ ಮುದುಕರು. ಉಳಿದ ಒಂದನ್ನು ಅವಳು ಹಿಡಿದಳು. ಕಾಲ ಕಡೆಯವರು ಬೆನ್ನು ಮುಂದು ಮಾಡಿ ಇಳಿಯಬೇಕು. ಎದುರಿಗಿದ್ದ ಗಂಡನ ಕಣ್ಣು ಅವಳ ಕಣ್ಣಿಗೆ ಸಿಗಲಿಲ್ಲ. ಬೆವರಿದ ಕೈಯಲ್ಲಿ ಹಿಡಿ ಜಾರುತ್ತಿತ್ತು. ಅಂಗಾಲು ಗಾಳಿಯಲ್ಲಿ ಮೆಟ್ಟಿಲನ್ನು ತಡಕುತ್ತಿತ್ತು. ಕಾಣದ ಕಡೆಯಿಂದ, ಎರಡು ಮೆಟ್ಟಿಲು ಕೆಳಗಿನಿಂದ, ಫೈನಾನ್ಸಿನವನ ದನಿ ಕೇಳುತ್ತಿತ್ತು.

“ಕಾಲಿಡಿ. ಹಾಂ. ಇನ್ನೊಂದಿದೆ.”

ಅವಳು ಕಾಲಿಟ್ಟಳು.

“ಇನ್ನೊಂದಿದೆ.”