ಮುಚ್ಚಿದ ಬಾಗಿಲಿನ ಮೂರು ನಿಮಿಷ

ನನ್ನ ತಮ್ಮ ಕೈಯಲ್ಲಿದ್ದಷ್ಟು ದುಡ್ಡಿನಲ್ಲೇ ಹತ್ತೊಂಬತ್ತು ದಿನಗಳಲ್ಲಿ ಒಂದು ಸಿನಿಮಾ ಮಾಡಿ ಮುಗಿಸಿದ. ಒಂದೇ ಮನೆ, ಒಬ್ಬಳೇ ಹೆಂಗಸು. ಮನೆಯೊಳಗೆ ತನ್ನ ಜೊತೆ ಇನ್ಯಾರೋ ಇದ್ದಾರೆಂಬ ಅನುಮಾನ ಅವಳನ್ನು ದಿನೇ ದಿನೇ ತಿನ್ನುತ್ತದೆ, ಅಷ್ಟೇ ಕಥೆ. ನಟಿಯರನ್ನು ಕರೆಸುವ ಶಕ್ತಿ ಇಲ್ಲದೆ, ಬಟ್ಟೆ ಹೊಲಿದುಕೊಂಡು ಒಬ್ಬರೇ ಇರುವ ನಮ್ಮ ಚಿಕ್ಕಮ್ಮನನ್ನೇ ಕ್ಯಾಮೆರಾ ಮುಂದೆ ನಿಲ್ಲಿಸಿದ. ಚಿತ್ರೀಕರಣವೂ ಅವರ ಮನೆಯಲ್ಲೇ. ಸಂಕಲನ ನನ್ನ ಪಾಲಿಗೆ ಬಂತು. ಅಕ್ಕ ಎಂದ ಮೇಲೆ ಬಿಟ್ಟಿ ಚಾಕರಿ ತಪ್ಪುತ್ತದೆಯೇ.

ಪರದೆ ಎಳೆದ ನನ್ನ ಕೋಣೆಯಲ್ಲಿ ಮಧ್ಯಾಹ್ನಗಳು ನೀರಿನೊಳಗೆ ನಡೆದಂತೆ ಮೆಲ್ಲಗೆ ಸರಿಯುತ್ತಿದ್ದವು. ಸಿನಿಮಾದ ಹುಳುಕು ಒಂದೆರಡಲ್ಲ. ದೀಪಗಳು ಸಾಲದೆ ನೆರಳುಗಳು ಬೀಳಬಾರದ ಕಡೆ ಬಿದ್ದಿದ್ದವು. ಡಾಕ್ಟರ್ ಪಾತ್ರ ಮಾಡಿದ ತಮ್ಮನ ಗೆಳೆಯ ಕೊನೆಯ ಹತ್ತು ನಿಮಿಷ ಅವಳ ಕಾಯಿಲೆಯನ್ನು ಪಾಠ ಒಪ್ಪಿಸುವಂತೆ ವಿವರಿಸುತ್ತಿದ್ದ. ಆದರೆ ನಡುವೆ ಒಂದು ಕಡೆ ಚಿಕ್ಕಮ್ಮ ಮುಚ್ಚಿದ ಬಾಗಿಲಿಗೆ ಕಿವಿಗೊಟ್ಟು ಮೂರು ನಿಮಿಷ ಸುಮ್ಮನೆ ನಿಲ್ಲುತ್ತಿದ್ದರು. ಅದನ್ನು ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಒಮ್ಮೆ ತಲೆ ಎತ್ತಿದಾಗ ನನ್ನ ಕೋಣೆಯ ಗೋಡೆಯೂ ಉಸಿರು ಬಿಗಿಹಿಡಿದು ಕಾಯುತ್ತಿರುವಂತೆ ಕಂಡಿತು.

"ಇದನ್ನ ಅರ್ಧ ನಿಮಿಷಕ್ಕೆ ಇಳಿಸು," ಎಂದ ತಮ್ಮ. "ಜನ ಆಕಳಿಸ್ತಾರೆ."

"ಕತ್ತರಿ ಹಾಕೋದಾದ್ರೆ ನಿನ್ನ ಡಾಕ್ಟರಿಗೆ ಹಾಕ್ತೀನಿ."

"ಅವನಿಲ್ದೆ ಯಾರಿಗೂ ತಲೆಬುಡ ತಿಳಿಯಲ್ಲ ಕಣಕ್ಕಾ."

ಮಾತಿಗೆ ಮಾತು ಬೆಳೆಯಿತು. ಕೊನೆಗೆ ಇಬ್ಬರೂ ಚಿಕ್ಕಮ್ಮನ ಮನೆಗೆ ಹೋದೆವು. ಅವರು ಯಾರದೋ ಅಂಗಿಯ ತೋಳಿನ ಹೊಲಿಗೆ ಬಿಚ್ಚುತ್ತಿದ್ದರು. ಆ ಬಾಗಿಲ ಹತ್ತಿರ ನಿಂತಾಗ ಏನು ಯೋಚಿಸುತ್ತಿದ್ದಿರಿ ಎಂದು ಕೇಳಿದೆ.

"ಯೋಚನೆ ಏನು ಬಂತು," ಎಂದರು, ದಾರವನ್ನು ಹಲ್ಲಿನಲ್ಲಿ ಕಡಿದು. "ನಿಮ್ಮ ಚಿಕ್ಕಪ್ಪ ಹೋದ್ಮೇಲೆ ಒಂದು ವರ್ಷ ದಿನಾ ಅಲ್ಲೇ ಹಾಗೇ ನಿಲ್ತಿದ್ದೆ. ಒಳಗೆ ಅವರು ಕೆಮ್ಮಿದ ಹಾಗೆ ಕೇಳ್ಸೋದು."

"ಭಯ ಆಗ್ತಿರ್ಲಿಲ್ವಾ?" ತಮ್ಮನ ದನಿ ಇಳಿದಿತ್ತು.

"ಭಯ ಯಾಕೆ? ಬಾಗಿಲು ತೆಗೆದ್ರೆ ಆ ಕೆಮ್ಮು ಎಲ್ಲಿ ನಿಂತುಬಿಡುತ್ತೋ ಅಂತ ತೆಗೀತಾನೇ ಇರ್ಲಿಲ್ಲ ಕಣೋ."

ತಮ್ಮ ಎದ್ದು ಚಪ್ಪಲಿ ಮೆಟ್ಟಿದ. ಅಲ್ಲಿಂದ ನೇರ ಗೆಳೆಯನ ಮನೆಗೆ ಹೋಗಿ, ನಿನ್ನ ಭಾಗ ಪೂರ್ತಿ ತೆಗೀತಿದ್ದೀನಿ ಎಂದು ಹೇಳಿ ಬಂದ. ಗೆಳೆಯ ಒಂದು ವಾರ ಮುಖ ಊದಿಸಿಕೊಂಡಿದ್ದು, ಆಮೇಲೆ ತಾನೇ ಓಡಾಡಿ ಒಂದು ಪುಟ್ಟ ಸಭಾಂಗಣ ಗೊತ್ತುಮಾಡಿಕೊಟ್ಟ.

ಭಾನುವಾರ ಮಧ್ಯಾಹ್ನ ಅರವತ್ತು ಜನ ಬಂದಿದ್ದರು. ನೆರಳು ಉಲ್ಟಾ ಬಿದ್ದ ಕಡೆ ಹಿಂದಿನ ಸಾಲಿನವರು ಕಿಸಕ್ಕನೆ ನಕ್ಕರು. ಕಥೆ ಅರ್ಧಕ್ಕೇ ನಿಂತಿತೆಂದು ಕೆಲವರು ಗೊಣಗಿದರು, ಅದೂ ಸುಳ್ಳಲ್ಲ. ಆದರೆ ಆ ಮೂರು ನಿಮಿಷ ಯಾರೂ ಮಿಸುಕಾಡಲಿಲ್ಲ. ಕತ್ತಲಲ್ಲಿ ಅಷ್ಟೂ ಜನ ಒಂದೇ ಕನಸಿನೊಳಗೆ ಕೂತಂತಿತ್ತು.

"ನಾನು ಇಷ್ಟೊಂದು ಸೊರಗಿದ್ದೀನಾ?" ಎಂದು ಚಿಕ್ಕಮ್ಮ ಮೆಲ್ಲಗೆ ಕೇಳಿದರು. ತಮ್ಮ ಅವರ ಕೈ ಹಿಡಿದುಕೊಂಡ.

ಹೊರಗೆ ಬಂದಾಗ ಇಳಿಬಿಸಿಲು ಇನ್ನೂ ಇತ್ತು. ಬಸ್ಸು ಬಂದು ನಿಂತರೂ ಯಾರೂ ಹತ್ತಲಿಲ್ಲ. ಮೂವರೂ ನಡೆದೇ ಹೋದೆವು.