ನಕ್ಷೆಗಳ ಉಸ್ತುವಾರಿ

ಆ ಶಾಲೆಗೆ ಒಂದು ಮಗ್ಗುಲಲ್ಲಿ ಬಸ್ ಡಿಪೊ, ಇನ್ನೊಂದು ಮಗ್ಗುಲಲ್ಲಿ ಟೈರ್ ಅಂಗಡಿ. ಬಸ್ಸುಗಳು ಗುರುಗುಟ್ಟಿದಾಗಲೆಲ್ಲ ಟೀಚರುಗಳು ಅರ್ಧ ವಾಕ್ಯಕ್ಕೆ ಬಾಯಿ ಮುಚ್ಚಿ, ಸದ್ದಡಗಿದ ಮೇಲೆ ಉಳಿದರ್ಧ ಹೇಳುತ್ತಿದ್ದರು. ಆರನೇ ತರಗತಿಯ ಛಾವಣಿ ಸೋರುತ್ತಿತ್ತು. ಮಳೆ ಬಂತೆಂದರೆ ಆರನೆಯವರು ಏಳನೆಯವರ ಕೋಣೆಗೆ ನುಗ್ಗಿ, ಅವರ ಬೆಂಚುಗಳಲ್ಲೇ ಒತ್ತರಿಸಿಕೊಂಡು ಕೂರಬೇಕು. ಇಂಥ ಕಡೆಯೂ ಆರನೆಯ ತರಗತಿಯ ಟೀಚರಿಗೆ ಒಳ್ಳೆಯ ಹೆಸರಿತ್ತು. ಮಕ್ಕಳ ಮೇಲೆ ಕೈಯೆತ್ತಿದವಳಲ್ಲ, ದನಿಯೆತ್ತಿದ್ದೂ ಅಪರೂಪ. ತಾನು ಒಳ್ಳೆಯವಳೆಂಬ ನಂಬಿಕೆ ಅವಳಿಗೂ ಇತ್ತು.

ಅವಳ ತರಗತಿಯಲ್ಲಿದ್ದ ಒಬ್ಬ ಹುಡುಗಿಯನ್ನು ಎಲ್ಲರೂ ಅಜ್ಜಿ ಎಂದೇ ಕರೆಯುತ್ತಿದ್ದರು. ಹಲ್ಲು ಬಿದ್ದಿರಲಿಲ್ಲ, ಕೂದಲು ನೆರೆತಿರಲಿಲ್ಲ, ಮಾತು ಮಾತ್ರ ಮೊಮ್ಮಕ್ಕಳನ್ನು ಕಂಡವಳದ್ದು. ಯಾರಾದರೂ ಎಡವಿ ಬಿದ್ದರೆ, ನೆಲ ನೋಡಿಕೊಂಡು ನಡೆಯಬಾರದೇ ಕಂದಾ ಎಂದು ಗದರುತ್ತಲೇ ಮೊಣಕಾಲು ಒರೆಸುವಳು. ಆದರೆ ಪುಸ್ತಕ ಬಿಡಿಸಿದರೆ ಆ ಬಾಯಿಗೆ ಬೀಗ. ಇಸ್ತ್ರಿ ಅಂಗಡಿಯ ಅವಳ ಅಮ್ಮ ಬಾಡಿಗೆ ಮನೆ ಬದಲಿಸಿದಂತೆಲ್ಲ ಶಾಲೆಯೂ ಬದಲಾಗಿ, ಕಾಗುಣಿತವೇ ಅವಳ ಕೈ ತಪ್ಪಿಹೋಗಿತ್ತು. ಇವಳನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು ಕಲಿಸಬೇಕು ಎಂದು ಟೀಚರು ಅಂದುಕೊಳ್ಳುತ್ತಲೇ ಇದ್ದಳು. ಅಂದುಕೊಂಡದ್ದು ಅಲ್ಲಿಗೇ ನಿಂತಿತ್ತು.

ಹೀಗಿರುವಾಗ ಒಂದು ಸಂಸ್ಥೆಯವರು ಶಾಲೆ ನೋಡಲು ಬರುವ ಸುದ್ದಿ ಬಂತು. ಅವರ ಮನಸ್ಸಿಗೆ ಬಂದರೆ ಛಾವಣಿ ಹೊಸದಾಗುತ್ತದೆ. ಹೆಡ್ ಮೇಡಮ್ ಟೀಚರನ್ನು ಕರೆಸಿದರು.

"ಓದೋಕೆ ಬರೋ ಮಕ್ಕಳು ಮಾತ್ರ ಕ್ಲಾಸಲ್ಲಿರಲಿ. ಉಳಿದೋರನ್ನ ಎಲ್ಲಾದ್ರೂ ಕೂರಿಸಿ. ಎಲ್ಲಿ ಅಂತ ನನಗೆ ಹೇಳ್ಬೇಡಿ."

ಅದು ಸರಿಯಲ್ಲ ಎಂಬ ಮಾತು ಟೀಚರ ನಾಲಿಗೆ ತುದಿಗೆ ಬಂದಿತ್ತು. ಒದ್ದೆ ಪುಸ್ತಕಗಳು ನೆನಪಾದವು, ನುಂಗಿಕೊಂಡಳು.

ಆ ದಿನ ಬೆಳಿಗ್ಗೆ ಅವಳು ಅಜ್ಜಿಯನ್ನೂ ಇನ್ನೂ ಐದಾರು ಮಕ್ಕಳನ್ನೂ ವರಾಂಡದ ಕೊನೆಯ ಸಾಮಾನು ಕೋಣೆಗೆ ಕರೆದೊಯ್ದಳು. ಮುರಿದ ಬೆಂಚು, ಹರಿದ ನಕ್ಷೆಗಳು, ಒಂದು ಬಲ್ಬು, ಕಿಟಕಿಯಿಲ್ಲ. ಮಕ್ಕಳು ಮುಖ ಮುಖ ನೋಡಿಕೊಂಡರು. ಆಗ ಅವಳ ಬಾಯಿಂದ ಸುಳ್ಳೊಂದು ನೀರು ಕುಡಿದಷ್ಟು ಸಲೀಸಾಗಿ ಬಂತು.

"ಈ ನಕ್ಷೆಗಳ ಧೂಳು ಒರೆಸಿ, ನೀಟಾಗಿ ಸುತ್ತಿಡ್ಬೇಕು. ಬಹಳ ಮುಖ್ಯವಾದ ಕೆಲಸ. ಅಜ್ಜಿ, ನೀನೇ ಉಸ್ತುವಾರಿ. ನಾನು ಬರೋವರೆಗೂ ಯಾರನ್ನೂ ಒಳಗೆ ಬಿಡ್ಬೇಡ."

ಹುಡುಗಿ ಬೆನ್ನು ನೆಟ್ಟಗೆ ಮಾಡಿ ನಿಂತಳು.

ತರಗತಿಯಲ್ಲಿ ಎಲ್ಲ ಸುಸೂತ್ರವಾಗಿ ನಡೆಯಿತು. ಆರಿಸಿಟ್ಟ ಮಕ್ಕಳು ಪಟಪಟನೆ ಓದಿದರು, ಬಂದವರು ತಲೆದೂಗಿದರು. ಹೊರಡುವಾಗ ಅವರಲ್ಲಿ ಹಿರಿಯರೊಬ್ಬರು ವರಾಂಡದ ಕೊನೆಯಲ್ಲಿ ಸದ್ದು ಕೇಳಿ, ಯಾರಾದರೂ ತಡೆಯುವ ಮೊದಲೇ ಹೋಗಿ ಬಾಗಿಲು ತಳ್ಳಿದರು. ಒಳಗಿನಿಂದ ಒಂದು ಅಂಗೈ ಅಡ್ಡ ಬಂತು.

"ಯಾರೂ ಒಳಗೆ ಬರೋ ಹಾಗಿಲ್ಲ ತಾತ. ನಮ್ಮ ಮಿಸ್ ಬರೋವರೆಗೂ ನಾನೇ ಉಸ್ತುವಾರಿ."

ಬೆವರಿಗೆ ಅವಳ ಕೂದಲು ಹಣೆಗಂಟಿತ್ತು. ಹಿಂದಿದ್ದ ಮಕ್ಕಳ ಅಂಗಿಗಳ ತುಂಬ ಧೂಳು. ಹಿರಿಯರು ಮನಸಾರೆ ನಕ್ಕರು. ಮಕ್ಕಳಿಗೆ ಜವಾಬ್ದಾರಿ ಕಲಿಸುವುದು ಈ ಟೀಚರ ಪದ್ಧತಿ ಎಂದು ಹೆಡ್ ಮೇಡಮ್ ಕೂಡಲೇ ಸೇರಿಸಿದರು. ಹಿರಿಯರು ಟೀಚರ ಕೈ ಕುಲುಕಿ, ನಿಮ್ಮಂಥವರು ಎಲ್ಲ ಶಾಲೆಯಲ್ಲೂ ಇರಬೇಕು ಎಂದರು. ಅವಳಿಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು. ಆದರೂ ಕೈ ಹಿಂದೆಗೆಯಲಿಲ್ಲ, ನಕ್ಕಳು ಕೂಡ.

ಶಾಲೆ ಬಿಟ್ಟ ಸ್ವಲ್ಪ ಹೊತ್ತಿಗೆ ಅಜ್ಜಿಯ ಅಮ್ಮ ಇಸ್ತ್ರಿ ಪೆಟ್ಟಿಗೆ ಆರಿಸಿಟ್ಟು ಓಡೋಡಿ ಬಂದಳು. ಕೃತಜ್ಞತೆ ಹೇಳಿ ಹೋಗಲು ಬಂದಿದ್ದಳು. ಎಷ್ಟು ಶಾಲೆ ಸುತ್ತಿದರೂ ತನ್ನ ಮಗಳನ್ನು ನಂಬಿ ಕೆಲಸ ವಹಿಸಿದವರಿಲ್ಲ, ನೀವೇ ಮೊದಲು ಎನ್ನುತ್ತ ಕೈಮುಗಿದಳು.

ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಮುಗಿದ ಕೈಗಳನ್ನು ಟೀಚರಿಗೆ ನೋಡಲಾಗಲಿಲ್ಲ.

"ಕೈ ಮುಗೀಬೇಡಿ ಅಮ್ಮ. ಅದು ಕೆಲಸ ಅಲ್ಲ. ಬಂದೋರ ಕಣ್ಣಿಗೆ ಬೀಳಬಾರದು ಅಂತ ಬಚ್ಚಿಟ್ಟೆ."

ಅಮ್ಮನ ಕೈಗಳು ಮೆಲ್ಲಗೆ ಕೆಳಗಿಳಿದವು.

"ಓದೋಕೆ ಬರಲ್ಲ ಅಂತಾನಾ?"

"ಹೌದು."

ಡಿಪೊದಲ್ಲಿ ಬಸ್ಸೊಂದು ಗುರುಗುಟ್ಟಿತು. ಅಮ್ಮ ಒಂದು ಹೆಜ್ಜೆ ಹತ್ತಿರ ಬಂದಳು.

"ಅವಳಿಗೆ ಹೇಳ್ಬೇಡಿ ಮಿಸ್. ಶಾಲೆಯಿಂದ ಯಾವತ್ತೂ ಕಾಲೆಳೆದುಕೊಂಡೇ ಬರೋಳು, ಇವತ್ತು ಕುಣಿದುಕೊಂಡು ಬಂದ್ಲು. ನೀವು ಬೇಕಾದ್ರೆ ಓದೋದು ಕಲಿಸಿ. ಇದನ್ನ ಮಾತ್ರ ಹೇಳ್ಬೇಡಿ."

ಕ್ಷಮೆ ಕೇಳಲು ಟೀಚರು ಬಾಯಿ ತೆರೆಯುವಷ್ಟರಲ್ಲಿ ಅವಳು ಗೇಟು ದಾಟಿಯಾಗಿತ್ತು.

ಮರುದಿನದಿಂದ ಶಾಲೆ ಬಿಟ್ಟ ಮೇಲೆ ಟೀಚರು ಆ ಮಕ್ಕಳನ್ನು ಕೂರಿಸಿಕೊಂಡು ಅಕ್ಷರದಿಂದ ಶುರು ಮಾಡಿದಳು. ಛಾವಣಿ ಹೊಸದಾಯಿತು, ಎಲ್ಲರೂ ಅವಳನ್ನು ಹೊಗಳಿದರು. ಅಜ್ಜಿ ನಿಧಾನಕ್ಕೆ ಕಲಿತಳು. ವರ್ಷದ ಕೊನೆಗೆ ಚಿಕ್ಕ ಚಿಕ್ಕ ಪದಗಳನ್ನು ಓದುತ್ತಿದ್ದಳು. ಒತ್ತಕ್ಷರ ಬಂದರೆ ಈಗಲೂ ತಡವರಿಸುವಳು. ಮನೆಗೆ ಹೋಗಲು ತಡವಾಯಿತೆಂದು ಉಳಿದವರು ಗೊಣಗಿದರೆ, ಮಿಸ್ಸಿಗೆ ನಾವಂದ್ರೆ ಪ್ರಾಣ, ಸುಮ್ನೆ ಓದ್ರೋ ಎಂದು ಅವಳೇ ಗದರುವಳು. ಆಗ ಟೀಚರು ಬೋರ್ಡಿನ ಕಡೆ ತಿರುಗಿ, ಒರೆಸಿದ್ದನ್ನೇ ಮತ್ತೆ ಒರೆಸುವಳು.

ಮನೆಗೆ ಹೋಗಲು ಟೀಚರಿಗೆ ಹತ್ತಿರದ ದಾರಿಯೊಂದಿತ್ತು. ಆದರೂ ಅವಳು ಇಸ್ತ್ರಿ ಅಂಗಡಿಯ ಮುಂದೆಯೇ ಹಾದು ಹೋಗುವಳು. ಅಜ್ಜಿಯ ಅಮ್ಮ ತಲೆಯೆತ್ತಿ ನೋಡುವಳು, ಒಮ್ಮೆ ತಲೆಯಾಡಿಸುವಳು, ಮತ್ತೆ ಬಟ್ಟೆಯ ಮೇಲೆ ಬಾಗುವಳು. ನಗುತ್ತಿರಲಿಲ್ಲ.