ಐದನೆಯ ಮರಿ

"ಉಸಿರನ್ನೂ ಮೆತ್ತಗೆ ಬಿಡು ತಿರಿಲ್. ಮರಿ ಗೂಡಿಂದ ಹೊರಗೆ ಬಂದ ಹಾಗೆ ಒಂದೊಂದಾಗಿ ಎಣಿಸು. ಎಷ್ಟು ಬರ್ಬೇಕು?"

"ಐದು," ಎಂದಳು ಪುಟ್ಟ ಮೊಮ್ಮಗಳು, ಕಿಟಕಿಯೊಳಗೆ ಸ್ಟೂಲಿನ ಮೇಲೆ ನಿಂತು.

ಗುನ್ವೋರ್ ಅಜ್ಜಿ ಕಿಟಕಿಯ ಕೆಳಗೆ ಪೊರಕೆ ಹಿಡಿದು ಆಕಾಶ ನೋಡುತ್ತ ಕೂತಿದ್ದಳು. ಮೇಲೆ ಮೂರು ಕಡಲಕಾಗೆಗಳು ಸುತ್ತುತ್ತಿದ್ದವು. ಒಂದೊಂದೂ ಕುರಿಯನ್ನೇ ನುಂಗಿ ತೇಗುವಷ್ಟು ದೊಡ್ಡವು. ಕಣ್ಣು ಕದಲಿಸಿದರೆ ಮರಿಯನ್ನು ಕಚ್ಚಿಕೊಂಡು ಹೋದಾವು. ಹಾಗಾಗಿ ಗೂಡಿನ ಲೆಕ್ಕ ಹುಡುಗಿಯ ಪಾಲಿಗೆ ಬಂದಿತ್ತು.

ನಾರ್ವೆಯ ಆ ದ್ವೀಪದಲ್ಲಿ ಐಡರ್ ಎಂಬ ಕಾಡು ಕಡಲಬಾತುಗಳಿಗೆ ಗೋಡೆಗೊರಗಿಸಿ ಮರದ ಗೂಡು ಕಟ್ಟಿಕೊಡುವುದು, ಅವು ಬಿಟ್ಟುಹೋದ ತುಪ್ಪುಳವನ್ನು ರಜಾಯಿಗೆ ತುಂಬುವುದು ಅಜ್ಜಿಯ ಅಜ್ಜಿಯ ಕಾಲದ ಕಸುಬು. ಹಕ್ಕಿ ಬೆದರದಿರಲೆಂದು ಗುನ್ವೋರ್ ತಿಂಗಳಿಡೀ ಒಂದೇ ಬೂದು ಕೋಟು ತೊಟ್ಟಿದ್ದಳು. ಅವಳ ಕೆಮ್ಮೂ ಅಪ್ಪಣೆ ಕೇಳಿಯೇ ಹೊರಬರುತ್ತಿತ್ತು. ಮೂರು ವರ್ಷ ಗೂಡು ಬರಿದಾಗಿತ್ತು. ಈ ಸಲ ಬಂದದ್ದು ಒಂದೇ ಹಕ್ಕಿ. ಇಲ್ಲಿ ಹುಟ್ಟಿ ಬದುಕಿದ ಮರಿಯೇ ಮುಂದೆ ಇಲ್ಲಿಗೆ ಮರಳುವುದು.

"ಅಮ್ಮ ಹಕ್ಕಿ ಹೊರಗೆ ಬಂತು ಅಜ್ಜಿ. ಒಂದು. ಎರಡು. ಮೂರು..."

ಕಡಲಕಾಗೆಯೊಂದು ಕಲ್ಲಿನಂತೆ ಇಳಿಯಿತು. ಅಜ್ಜಿ ಪೊರಕೆ ಬೀಸಿದಳು. ಅದು ರೆಕ್ಕೆ ಬಡಿದು ಮೇಲೇರಿತು.

"ಐದು. ಮುಗೀತು."

ಅಜ್ಜಿ ಪೊರಕೆ ಇಳಿಸಿದಳು. ಮರುಗಳಿಗೆ ಗೂಡಿನ ಕಡೆ ತಿರುಗಿದಳು.

ಮೊಮ್ಮಗಳಿಗೆ ಎಣಿಕೆ ಕಲಿಸುವ ಅವಳ ಜಂಬದ ಮನೆಪಾಠಶಾಲೆಯಲ್ಲಿ ಎಣಿಸದೆ ಉಳಿದ ವಸ್ತುವೇ ಇರಲಿಲ್ಲ. ಮೆಟ್ಟಿಲು, ಕಾಲುಚೀಲ, ಒಣಮೀನು, ಬೆಕ್ಕಿನ ಮೀಸೆ. ಆದರೆ ಬೆಳಿಗ್ಗೆ ಪಾತ್ರೆಗೆ ಐದು ಆಲೂಗಡ್ಡೆ ಹಾಕು ಎಂದಾಗ ಹುಡುಗಿ ಒಂದು, ಎರಡು, ಮೂರು, ಐದು ಎಂದು ಕೈ ಕೊಡವಿದ್ದಳು. ನಾಲ್ಕನ್ನು ಅವಳು ಯಾವಾಗಲೂ ಕೊಚ್ಚೆ ದಾಟಿದಂತೆ ದಾಟಿಬಿಡುತ್ತಿದ್ದಳು. ಹಾಲುಹಲ್ಲು ಬಿದ್ದಲ್ಲಿ ಹೊಸ ಹಲ್ಲು ಬಂದಂತೆ ಅದೂ ತಾನಾಗಿಯೇ ಬರುತ್ತದೆ ಎಂದು ಅಜ್ಜಿ ನಕ್ಕು ತಿದ್ದದೆ ಬಿಟ್ಟಿದ್ದಳು.

ತಾಯಿಹಕ್ಕಿ ನಾಲ್ಕೇ ಮರಿಗಳೊಡನೆ ಆಗಲೇ ನೀರಿನ ಹತ್ತಿರವಿತ್ತು. ಒಮ್ಮೆ ಕಡಲಿಗಿಳಿದರೆ ಅದು ಗೂಡಿಗೆ ಹಿಂತಿರುಗುವುದಿಲ್ಲ.

ಅಜ್ಜಿ ಮೊಣಕಾಲೂರಿ ತೆವಳಿ ಗೂಡಿಗೆ ಕೈ ಹಾಕಿದಳು. ತುಪ್ಪುಳದಲ್ಲಿ ಕಾಲು ಸಿಕ್ಕಿಕೊಂಡು ಒಂದು ಮರಿ ಒದ್ದಾಡುತ್ತಿತ್ತು. ಬಿಡಿಸಿ ಟೋಪಿಯೊಳಗೆ ಹಾಕಿಕೊಂಡಳು.

"ಅಜ್ಜೀ, ನಾನು ತಪ್ಪು ಎಣಿಸಿದ್ನಾ?"

"ಇಲ್ಲ ಪುಟ್ಟಿ, ತಪ್ಪು ನಂದು. ಕಾಗೆ ನೋಡು ನೀನು, ಕೆಳಗಿಳಿದ್ರೆ ಚಪ್ಪಾಳೆ ಹೊಡಿ."

ಎದ್ದು ಓಡಿದರೆ ಹಕ್ಕಿ ಮರಿಗಳನ್ನೆಲ್ಲ ಬಿಟ್ಟು ಹಾರೀತು. ಬಂಡೆಯ ಚಿಪ್ಪುಗಳು ಮೊಣಕಾಲನ್ನು ತುರಿದವು. ಎಪ್ಪತ್ತು ವರ್ಷ ಈ ದಡದಲ್ಲಿ ಓಡಾಡಿದವಳಿಗೆ ಆ ಹದಿನೈದು ಮಾರು ದೂರ ದೇಶಾಂತರವಾಯಿತು. ಹಿಂದೆ ಒಂದು ಚಪ್ಪಾಳೆ ಕೇಳಿತು, ಮತ್ತೊಂದು; ಅವಳು ಟೋಪಿಯನ್ನು ಎದೆಗವಚಿಕೊಂಡು ತೆವಳಿದಳು.

ಅವಳು ಟೋಪಿಯನ್ನು ನೀರಂಚಿನಲ್ಲಿ ಬಾಗಿಸಿದಳು. ಮರಿ ಉರುಳಿ, ಮುಳುಗಿ, ಎದ್ದು ಕಾಲು ಬಡಿಯತೊಡಗಿತು.

ಮುಂದೆ ಹೋಗಿದ್ದ ತಾಯಿಹಕ್ಕಿ ತಲೆ ತಿರುಗಿಸಲಿಲ್ಲ. ಈಜುವುದನ್ನು ಮಾತ್ರ ನಿಲ್ಲಿಸಿತು.